ಸಾವಿರ ಒಂಟೆ ಹಬ್ಬ ಅಂತ ಮಂಗೋಲಿಯಾಕ್ಕೆ ಹೋಗಿ ಹನ್ನೊಂದು ಒಂಟೆ ನೋಡಿ ಬಂದೆವು, ನೀವು ಹೀಗೆ ಮೋಸ ಹೋಗಬೇಡಿ

ಬರೆಯಲೋ ಬೇಡವೋ ಅಂತ ಮೂರು ವಾರ ಯೋಚನೆ ಮಾಡಿದೆ. ನಾಚಿಕೆ ಆಗುತ್ತೆ. ಆಫೀಸಿನಲ್ಲಿ, ನೆಂಟರಿಷ್ಟರಲ್ಲಿ, ಎಲ್ಲಾ ಕಡೆ "ಸಾವಿರ ಒಂಟೆ ಹಬ್ಬಕ್ಕೆ ಹೋಗ್ತಾ ಇದ್ದೀವಿ" ಅಂತ ಡಂಗುರ ಸಾರಿಕೊಂಡು ಹೋದವನು ನಾನು. ನೋಡಿದ್ದು ಹನ್ನೊಂದು ಒಂಟೆ. ಎರಡೆರಡು ಸಲ ಎಣಿಸಿದ್ದೇನೆ. ಈಗ ಪರಿಚಯದವರೊಬ್ಬರು ಅದೇ ಏಜೆಂಟನಿಗೆ ಅಡ್ವಾನ್ಸ್ ಕಳಿಸಲು ಹೊರಟಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಮಾನ ಮರ್ಯಾದೆ ಬಿಟ್ಟು ಬರೆಯುತ್ತಿದ್ದೇನೆ.

ಹಬ್ಬ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಗೋಬಿ ಮರುಭೂಮಿ ಸೀಮೆಯ ದಲನ್‌ಜದ್‌ಗದ್ ಪಟ್ಟಣದ ಕಡೆ ಮಾರ್ಚ್ ಮೊದಲ ವಾರ ನಡೆಯುತ್ತೆ, 1997ರಿಂದ. 1990ರಲ್ಲಿ 5 ಲಕ್ಷಕ್ಕೂ ಜಾಸ್ತಿ ಇದ್ದ ಎರಡು ಡುಬ್ಬದ ಒಂಟೆಗಳು 2000 ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವಂತೆ. ಹಾಗಾಗಿ ಒಂಟೆ ಸಾಕುವವರಿಗೆ ಉತ್ಸಾಹ ಬರಲಿ ಅಂತ ಇದನ್ನು ಮಾಡುತ್ತಾರೆ. 2016ರಲ್ಲಿ ಒಂದೇ ರೇಸಿನಲ್ಲಿ 1,108 ಒಂಟೆ ಓಡಿ ಗಿನ್ನೆಸ್ ದಾಖಲೆ ಆಯಿತು. ಆ ಫೋಟೋ ನೋಡಿಯೇ ನಾನು ಮರುಳಾದದ್ದು.

ಏಜೆಂಟ್ ರಾಜಧಾನಿ ಉಲಾನ್‌ಬಾತರಿನವನು. ಇಂಗ್ಲಿಷ್ ಚೆನ್ನಾಗಿದೆ, ಎರಡನೇ ಮೆಸೇಜಿಗೇ ನಾನು 'ಬ್ರದರ್' ಆಗಿಬಿಟ್ಟೆ. ಐದು ದಿನಕ್ಕೆ ತಲೆಗೆ 1,150 ಡಾಲರ್, ಲ್ಯಾಂಡ್ ಕ್ರೂಸರ್ ಗಾಡಿ, ಮೇಲೆ 'ವಿಐಪಿ ಸೀಟು' ಅಂತ ತಲೆಗೆ 120. ಸಾಮಾನ್ಯವಾಗಿ ಕಾಲು ಭಾಗ ಅಡ್ವಾನ್ಸ್ ಕೇಳುತ್ತಾರೆ, ಅಲ್ವಾ? ಇವನು 60 ಪರ್ಸೆಂಟ್ ಕೇಳಿದ, ಅದೂ ತನ್ನ ಸ್ವಂತ ಅಕೌಂಟಿಗೆ. "ಕಂಪನಿ ಹೆಸರಲ್ಲಿ ಅಕೌಂಟ್ ಇಲ್ವೇನ್ರೀ?" ಅಂತ ನನ್ನ ಹೆಂಡತಿ ಕೇಳಿದಳು. ಸುಮ್ನಿರು ಅಂದೆ. ಆ 'ಸುಮ್ನಿರು'ವಿಗೆ ಇವತ್ತಿಗೂ ಬಡ್ಡಿ ಕಟ್ಟುತ್ತಿದ್ದೇನೆ.

ಮಾರ್ಚ್ 4ನೇ ತಾರೀಕು ರಾತ್ರಿ ಉಲಾನ್‌ಬಾತರಿನಲ್ಲಿ ಇಳಿದೆವು. ಏರ್‌ಪೋರ್ಟಿನಲ್ಲೇ ಬಾಕಿ ದುಡ್ಡು ಎಣಿಸಿ ತೆಗೆದುಕೊಂಡ. 5ಕ್ಕೆ ಬೆಳಿಗ್ಗೆ ಹೊರಡಬೇಕು. ಬೆಳಿಗ್ಗೆ ಮೆಸೇಜ್: ದಾರಿಯಲ್ಲಿ ಹಿಮ, ಕಾಯಿರಿ ಬ್ರದರ್. 6ಕ್ಕೂ ಅದೇ. ಕಿಟಕಿ ಆಚೆ ನೋಡಿದರೆ ಆಕಾಶ ನೀಲಿ ನೀಲಿ. ಸುಮಾರು 550 ಕಿಲೋಮೀಟರ್ ದಾರಿ, ಅದೂ ಡಾಂಬರು ರಸ್ತೆ. ಹೋಟೆಲಿನ ಹುಡುಗಿ "ದಲನ್‌ಜದ್‌ಗದ್ ಬಸ್ಸು ಬೆಳಿಗ್ಗೆ ಹೋಯಿತಲ್ಲ" ಅಂದಳು. ಅವನಿಗೆ ಕೇಳಿದೆ. "ಬಸ್ಸು ದೊಡ್ಡದು ಬ್ರದರ್, ನಮ್ಮದು ಚಿಕ್ಕ ಗಾಡಿ." ಮತ್ತೆ ಹಬ್ಬ? "ಹಬ್ಬ 8ಕ್ಕೆ ಹೋಗಿದೆ. ಮಂಗೋಲಿಯಾದಲ್ಲಿ ಹವಾಮಾನ ನೋಡಿ ದಿನ ಬದಲಾಯಿಸುತ್ತಾರೆ." 8ಕ್ಕೆ ಮಹಿಳಾ ದಿನ, ಅಲ್ಲಿ ಸರ್ಕಾರಿ ರಜೆ. ಹೌದೇನೋ ಅಂದುಕೊಂಡೆ. ಗೂಗಲ್ ಮಾಡಬಾರದಿತ್ತಾ ಅಂತ ಕೇಳಬೇಡಿ. ಮಾಡಿದೆ. ಒಂದೊಂದು ಕಡೆ ಒಂದೊಂದು ತಾರೀಕು, ಅರ್ಧಕ್ಕರ್ಧ ಹಳೇ ವರ್ಷದ್ದು.

7ಕ್ಕೆ ಗಾಡಿ ಬಂತು. ಲ್ಯಾಂಡ್ ಕ್ರೂಸರ್ ಅಲ್ಲ, ಹಳೇ ರಷ್ಯನ್ ವ್ಯಾನ್. ಡ್ರೈವರ್ ಒಳ್ಳೆಯವನು, ಆದರೆ ಊರೊಳಗೆ ಹೋಗದೆ ಎಷ್ಟೋ ದೂರ ಮೊದಲೇ ಮಣ್ಣು ದಾರಿಗೆ ತಿರುಗಿಸಿಬಿಟ್ಟ.

8ರ ಬೆಳಿಗ್ಗೆ ಕಣ್ಣು ಹಾಯುವಷ್ಟು ದೂರ ಬಯಲು, ಎರಡು ಗೆರ್ (ಉಣ್ಣೆಯ ದುಂಡು ಗುಡಾರ), ಹನ್ನೊಂದು ಒಂಟೆ. ನಮಗೆ ಎರಡು ನೀಲಿ ಪ್ಲಾಸ್ಟಿಕ್ ಸ್ಟೂಲ್. ಅದೇ ವಿಐಪಿ. ಮಿಕ್ಕವರು ಈಗ ಬರುತ್ತಾರೆ, ಈಗ ಬರುತ್ತಾರೆ ಅಂತ ಮೈನಸ್ 14ರ ಚಳಿಯಲ್ಲಿ ಆ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆವು. ಚಳಿಗಾಲ ಕಳೆದು ಕೊಬ್ಬು ಕರಗಿದ ಒಂಟೆಯೊಂದರ ಡುಬ್ಬ ಪಕ್ಕಕ್ಕೆ ವಾಲಿತ್ತು, ಮೂಗಿಗೆ ಮರದ ಗೂಟ ಚುಚ್ಚಿ ಹಗ್ಗ ಕಟ್ಟಿದ್ದರು, ನಮ್ಮ ಎತ್ತಿನ ಮೂಗುದಾರದ ಹಾಗೇ. ಅದರ ಫೋಟೋ ತೆಗೆಯುವಾಗ ಪಕ್ಕದಲ್ಲಿದ್ದ ಯಜಮಾನನ ಎದೆಯ ಮೇಲೆ ಕಣ್ಣು ಬಿತ್ತು. ನಂಬರು ಬರೆದ ಬಟ್ಟೆ. 214. ಒಂದು ಕಡೆ ಪಿನ್ನು ಬಿಚ್ಚಿ ಗಾಳಿಗೆ ಪಟಪಟ ಅನ್ನುತ್ತಿತ್ತು.

"ರೇಸ್?" ಅಂದೆ. ಖುಷಿಯಿಂದ ತಲೆಯಾಡಿಸಿದ, ನಂಬರು ತಟ್ಟಿ ತೋರಿಸಿದ, ಆಮೇಲೆ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಬೀಸಿದ. ಡ್ರೈವರ್ ಅವನ ಮಾತು ಕೇಳಿ ಫೋನಿನಲ್ಲಿ ಬರೆದ. ಫೋನು ಹೆಣ್ಣು ದನಿಯಲ್ಲಿ ಇಂಗ್ಲಿಷಿನಲ್ಲಿ ಓದಿತು: ಮೊನ್ನೆ ಮುಗಿಯಿತು. ನೀವು ಯಾಕೆ ಬರಲಿಲ್ಲ?

ನೀವು ಯಾಕೆ ಬರಲಿಲ್ಲ! ಅಷ್ಟು ದೂರದಿಂದ, ಎರಡು ವಿಮಾನ ಬದಲಾಯಿಸಿ ಬಂದವನಿಗೆ. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆ ಮನೆಯವರದ್ದು ಏನೂ ತಪ್ಪಿಲ್ಲ. ಇಬ್ಬರು ಅತಿಥಿಗಳು ಒಂಟೆ ನೋಡಬೇಕಂತೆ ಅಂತ ಅಷ್ಟೇ ಏಜೆಂಟ್ ಅವರಿಗೆ ಹೇಳಿದ್ದನಂತೆ. ಅಜ್ಜಿ ಒಳಗೆ ಕರೆದು ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟರು. ಒಲೆಗೆ ಒಣ ಸಗಣಿ, ನಮ್ಮೂರ ಬೆರಣಿ ವಾಸನೆಯೇ. ನಮ್ಮ ಮುಖ ನೋಡಲಾರದೆ ಅಪ್ಪ ಮಗ ಇಬ್ಬರೇ ಎರಡು ಒಂಟೆ ಹತ್ತಿ ರೇಸ್ ಓಡಿದರು. ಮಗ ಗೆದ್ದ. ಚಪ್ಪಾಳೆ ತಟ್ಟಿದೆವು, ಕೈಗವಸು ಹಾಕಿದ್ದರಿಂದ ಸದ್ದೇ ಬರಲಿಲ್ಲ.

ಸಿಗ್ನಲ್ ಸಿಕ್ಕ ತಕ್ಷಣ ಏಜೆಂಟನಿಗೆ ಫೋನ್ ಮಾಡಿದೆ.

"ಬ್ರದರ್, ಒಂಟೆ ನೋಡಿದ್ರಾ ಇಲ್ವಾ?"

"ನೋಡಿದೆ, ಆದರೆ..."

"ರೇಸ್ ನೋಡಿದ್ರಾ?"

"ಎರಡೇ ಒಂಟೆ ಓಡಿದ್ದು!"

"ರೇಸಿಗೆ ಎರಡು ಸಾಕಲ್ವಾ ಬ್ರದರ್?"

ಇನ್ನೇನು ಹೇಳಲಿ. ವಿಐಪಿ ಸೀಟಿನ ದುಡ್ಡು ಕೇಳಿದರೆ "ಮೊದಲನೇ ಸಾಲೇ ಸಿಕ್ಕಿತಲ್ಲ" ಅಂದ. ಹೌದು, ಇದ್ದದ್ದೇ ಒಂದು ಸಾಲು! ಹವಾಮಾನ ನೋಡಿ ಕಾರ್ಯಕ್ರಮ ಬದಲಾಗಬಹುದು ಅಂತ ಮೊದಲೇ ಬರೆದಿದ್ದೆ, ಓದಿಲ್ವಾ ಅಂತ ನನಗೇ ತಿರುಗಿ ಕೇಳಿದ. ವಾಪಸ್ ಬಂದ ಮೇಲೆ ಅವನದೇ ಪುಟದಲ್ಲಿ 6ನೇ ತಾರೀಕಿನ ಫೋಟೋ ನೋಡಿದೆ. ಎಂಟು ಜನರ ಗುಂಪು, ಹಿಂದೆ ಲೆಕ್ಕವಿಲ್ಲದಷ್ಟು ಒಂಟೆ, ಪಕ್ಕದಲ್ಲಿ ನಮಗೆ ಹೇಳಿದ್ದ ಅದೇ ಬಿಳಿ ಲ್ಯಾಂಡ್ ಕ್ರೂಸರ್. ಹಿಮ ಬಿದ್ದದ್ದು ನಮ್ಮಿಬ್ಬರ ದಾರಿಗೆ ಮಾತ್ರ.

ಹೋಗುವವರು ಹೋಗಿ, ಹಬ್ಬ ಚೆನ್ನಾಗಿಯೇ ಇರುತ್ತೆ ಅಂತ ಆ 214 ನಂಬರಿನವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ತಾರೀಕನ್ನು ಏಜೆಂಟನ ಬಾಯಿಂದ ಕೇಳಬೇಡಿ, ದಲನ್‌ಜದ್‌ಗದ್‌ನ ಯಾವುದಾದರೂ ಹೋಟೆಲಿಗೆ ನೀವೇ ಕೇಳಿ. ಸ್ವಂತ ಅಕೌಂಟಿಗೆ ದುಡ್ಡು ಹಾಕಬೇಡಿ, ಬಾಕಿಯನ್ನು ಏರ್‌ಪೋರ್ಟಿನಲ್ಲೇ ಕೊಡಬೇಡಿ. ದಾರಿ ಬಂದ್ ಅಂದರೆ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಹೆಂಡತಿ ಏನಾದರೂ ಕೇಳಿದರೆ ಕಿವಿಗೆ ಹಾಕಿಕೊಳ್ಳಿ.

ಐದು ಸ್ಟಾರ್ ರಿವ್ಯೂ ಬರೆದರೆ 300 ಡಾಲರ್ ವಾಪಸ್ ಕೊಡುತ್ತೇನೆ ಅಂದಿದ್ದಾನೆ. ಬರೆದಿಲ್ಲ. ಮೊನ್ನೆ ಇನ್ನೊಂದು ಮೆಸೇಜ್ ಬಂತು: ಜುಲೈನಲ್ಲಿ ನಾದಮ್ ಹಬ್ಬ ಇದೆ ಬ್ರದರ್, ಹಳೇ ಗಿರಾಕಿಗಳಿಗೆ 10 ಪರ್ಸೆಂಟ್ ಕಡಿಮೆ. ಬ್ಲಾಕ್ ಮಾಡಬೇಕು. ಇನ್ನೂ ಮಾಡಿಲ್ಲ, ಆ 300ರ ಆಸೆ.