ಒಂದೇ ವಿಪಿಸಿ, ಮೂರು ಕ್ಯಾನ್ವಾಸ್: ಡ್ರಾ.ಐಒ, ಎಕ್ಸ್‌ಕ್ಯಾಲಿಡ್ರಾ, ಇನ್‌ಫ್ರಾಸ್ಟ್ರಕ್ಚರ್ ಕಂಪೋಸರ್

ಡ್ರಾ.ಐಒ, ಎಕ್ಸ್‌ಕ್ಯಾಲಿಡ್ರಾ ಎರಡೂ ಚಿತ್ರ ಬಿಡಿಸುವ ಎಡಿಟರ್‌ಗಳು, ಇನ್‌ಫ್ರಾಸ್ಟ್ರಕ್ಚರ್ ಕಂಪೋಸರ್ ಎಡಬ್ಲ್ಯೂಎಸ್‌ನದೇ (ಅಮೆಜಾನ್‌ನ ಕ್ಲೌಡ್ ಸೇವೆ) ಸಾಧನ. ಮೂರರಲ್ಲೂ ಬಿಡಿಸಿದ್ದು ಒಂದೇ ಚಿತ್ರ. ಎಡಬ್ಲ್ಯೂಎಸ್‌ನ ಮುಂಬೈ ರೀಜನ್, ಅದರೊಳಗೆ ಒಂದು ವಿಪಿಸಿ (ನಮ್ಮದೇ ಖಾಸಗಿ ನೆಟ್‌ವರ್ಕ್), ಎರಡು ಅವೈಲಬಿಲಿಟಿ ಝೋನ್ (ಪ್ರತ್ಯೇಕ ಡೇಟಾ ಸೆಂಟರ್ ನೆಲೆಗಳು), ಝೋನಿಗೆ ಮೂರರಂತೆ ಆರು ಸಬ್‌ನೆಟ್ (ನೆಟ್‌ವರ್ಕ್‌ನ ತುಂಡುಗಳು). ಮೇಲೆ ಬಂದ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್, ನಡುವೆ ಅಪ್ಲಿಕೇಶನ್ ಓಡುವ ಇಸಿಎಸ್ ಟಾಸ್ಕ್‌ಗಳು, ತಳದಲ್ಲಿ ಡೇಟಾಬೇಸ್ ಆದ ಆರ್‌ಡಿಎಸ್. ವಿಪಿಸಿಯ ಹೊರಗೆ ಎಸ್3 (ಫೈಲ್ ಸಂಗ್ರಹ), ಎಸ್‌ಕ್ಯೂಎಸ್ (ಸಂದೇಶಗಳ ಸರದಿ), ಒಂದು ಲ್ಯಾಂಬ್ಡಾ (ಸರ್ವರ್ ನೋಡಿಕೊಳ್ಳದೆ ಓಡಿಸುವ ಕೋಡ್). ದೊಡ್ಡ ಚಿತ್ರವೇನಲ್ಲ. ಆದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ನಾಲ್ಕು ಹಂತ ಇರುವುದರಿಂದ ಎಡಿಟರ್‌ನ ಬಂಡವಾಳ ಬಯಲಾಗಲು ಇಷ್ಟು ಸಾಕು.

ಶಾರ್ಟ್‌ಕಟ್‌ಗಳನ್ನು ಎರಡು ದಿನದಲ್ಲಿ ಕೈ ಕಲಿತುಬಿಡುತ್ತದೆ. ನೋಡಬೇಕಾದ್ದು ಬೇರೆ: ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಡ್ರಾ.ಐಒ ಫೈಲಿನಲ್ಲಿ ಪ್ರತಿ ಆಕೃತಿಗೂ ಎಕ್ಸ್, ವೈ, ಅಗಲ, ಎತ್ತರ ಬರೆದಿಟ್ಟಿರುತ್ತದೆ. ಎಕ್ಸ್‌ಕ್ಯಾಲಿಡ್ರಾದಲ್ಲೂ ಹಾಗೆಯೇ. ಕಂಪೋಸರ್‌ನಲ್ಲಿ ಫೈಲ್ ಎಂದರೆ ಕ್ಲೌಡ್‌ಫಾರ್ಮೇಶನ್ ಟೆಂಪ್ಲೇಟ್ (ಎಡಬ್ಲ್ಯೂಎಸ್‌ನಲ್ಲಿ ಏನೇನು ಕಟ್ಟಬೇಕೆಂಬ ಪಟ್ಟಿ), ಅದರಲ್ಲಿ ಕಾರ್ಡಿನ, ಅಂದರೆ ಕಂಪೋಸರ್ ಪೆಟ್ಟಿಗೆಯ, ಜಾಗಕ್ಕೆ ಜಾಗವೇ ಇಲ್ಲ. ಹೊಂದಿಸುವ ಕೆಲಸದಲ್ಲಿ ಎದುರಾಗುವ ಸುಖದುಃಖವೆಲ್ಲ ಇಲ್ಲಿಂದಲೇ ಹುಟ್ಟುವುದು.

ಮೊದಲು ಓಡಾಟ. ಇದರಲ್ಲಿ ಎಕ್ಸ್‌ಕ್ಯಾಲಿಡ್ರಾ ಮುಂದೆ. ಶಿಫ್ಟ್+1 ಒತ್ತಿದರೆ ಇಡೀ ಚಿತ್ರ ಪರದೆಗೆ ಹೊಂದುತ್ತದೆ, ಶಿಫ್ಟ್+2 ಒತ್ತಿದರೆ ಸೆಲೆಕ್ಟ್ ಮಾಡಿದ್ದು ಮಾತ್ರ. ಈ ಎರಡರ ನಡುವೆ ಹೋಗಿಬಂದು ಮಾಡುತ್ತಿದ್ದರೆ ಸ್ಕ್ರಾಲ್ ಬಾರ್ ಬೇಕೆನಿಸುವುದೇ ಇಲ್ಲ. ಡ್ರಾ.ಐಒದಲ್ಲಿ ಕಂಟ್ರೋಲ್+ಶಿಫ್ಟ್+ಎಚ್ ಚಿತ್ರವನ್ನು ಕಿಟಕಿಗೆ ಹೊಂದಿಸುತ್ತದೆ. ಕಂಟ್ರೋಲ್ ಹಿಡಿದು ಚಕ್ರ ತಿರುಗಿಸಿದರೆ ಝೂಮ್, ಸ್ಪೇಸ್ ಒತ್ತಿಹಿಡಿದು ಎಳೆದರೆ ಕ್ಯಾನ್ವಾಸ್ ಸರಿಯುತ್ತದೆ. ಚಿತ್ರ ಎರಡು ಮೂರು ಪರದೆಯಷ್ಟು ಬೆಳೆದ ಮೇಲೆ ಕಂಟ್ರೋಲ್+ಶಿಫ್ಟ್+ಒ ಒತ್ತಿ ಔಟ್‌ಲೈನ್ ಕಿಟಕಿ ತೆರೆದಿಟ್ಟುಕೊಳ್ಳಿ, ಅದರೊಳಗಿನ ಚಿಕ್ಕ ಚೌಕವನ್ನು ಎಳೆದರೆ ಸಾಕು. ಕಂಟ್ರೋಲ್+ಎಫ್ ಹುಡುಕಾಟ ಎರಡರಲ್ಲೂ ಇದೆ. ಕಂಪೋಸರ್‌ನಲ್ಲಿ ಎಡಗಡೆಯ ಲಿಸ್ಟ್ ಟ್ಯಾಬಿನಿಂದ ಕಾರ್ಡ್ ಹಿಡಿಯುವುದೇ ಸುಲಭ.

ಇನ್ನು ಜೋಡಣೆ. ಡ್ರಾ.ಐಒ ಬಗ್ಗೆ ಹೇಳುವುದು ಹೆಚ್ಚಿದೆ, ಏಕೆಂದರೆ ಕೆಡಿಸಿಕೊಳ್ಳುವ ದಾರಿಗಳೂ ಅದರಲ್ಲೇ ಹೆಚ್ಚು.

ಅದರ ಎಡಬ್ಲ್ಯೂಎಸ್ ಐಕಾನ್‌ಗಳ ಅಳತೆ 78×78, ಗ್ರಿಡ್‌ನ ಅಳತೆ 10. ಐಕಾನಿನ ಎಡ ಅಂಚು ಗ್ರಿಡ್‌ಗೆ ಕೂತರೂ ನಡುಬಿಂದು 39ಕ್ಕೆ ಬೀಳುತ್ತದೆ. ಪಕ್ಕದಲ್ಲಿ 120×60ರ ಸಾದಾ ಪೆಟ್ಟಿಗೆ ಇಟ್ಟು ಗೆರೆ ಎಳೆಯಿರಿ: ನೇರ ಹೋಗಬೇಕಾದ ಗೆರೆ ಮಧ್ಯದಲ್ಲಿ ಒಂದು ಪಾಯಿಂಟಿನಷ್ಟು ಸೊಟ್ಟಗಾಗುತ್ತದೆ. ಪರದೆಯಲ್ಲಿ ಕಾಣುವುದಿಲ್ಲ, ಪಿಡಿಎಫ್ ದೊಡ್ಡದು ಮಾಡಿ ನೋಡಿದಾಗ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತದೆ. ಐಕಾನ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ, ಬಲಗಡೆಯ ಅರೇಂಜ್ ಫಲಕದಲ್ಲಿ ಅಗಲ 80 ಎಂದು ಕೊಡಿ. ಎತ್ತರ ತಾನಾಗಿ ಹಿಂಬಾಲಿಸುತ್ತದೆ, ನಡುಬಿಂದು 40ಕ್ಕೆ ಬರುತ್ತದೆ. ಗೆರೆ ಎಳೆಯುವ ಮೊದಲೇ ಇದನ್ನು ಮಾಡಿ ಮುಗಿಸಿ.

ಎರಡನೆಯದು ವಿಪಿಸಿ ಪೆಟ್ಟಿಗೆ. ಐಕಾನ್‌ಗಳನ್ನು ಮೊದಲು ಇಟ್ಟು, ಆಮೇಲೆ ಸುತ್ತ ಪೆಟ್ಟಿಗೆ ತಂದು ಹೊದಿಸಿದರೆ ನೋಡಲು ಒಳಗಿದ್ದಂತೆ ಕಾಣುತ್ತವೆ, ಆದರೆ ಒಳಗಿರುವುದಿಲ್ಲ. ಪೆಟ್ಟಿಗೆ ಸರಿಸಿದಾಗ ಅದು ಹೋಗುತ್ತದೆ, ಐಕಾನ್‌ಗಳು ಅಲ್ಲೇ ಉಳಿಯುತ್ತವೆ. ಮೊದಲು ಪೆಟ್ಟಿಗೆಯನ್ನು ಕಂಟ್ರೋಲ್+ಶಿಫ್ಟ್+ಬಿ ಒತ್ತಿ ಹಿಂದಕ್ಕೆ ಕಳಿಸಿ, ನಂತರ ಐಕಾನ್‌ಗಳನ್ನು ಹಿಡಿದು ಸ್ವಲ್ಪ ಎಳೆದು, ಪೆಟ್ಟಿಗೆಯ ಅಂಚು ಬಣ್ಣ ಕಟ್ಟಿದಾಗ ಬಿಡಿ. ಹೊರಗಿನಿಂದ ಒಳಕ್ಕೆ ಕಟ್ಟುತ್ತಾ ಬಂದರೆ, ಅಂದರೆ ರೀಜನ್, ವಿಪಿಸಿ, ಝೋನ್, ಸಬ್‌ನೆಟ್ ಈ ಕ್ರಮದಲ್ಲಿ, ಈ ತಾಪತ್ರಯವೇ ಇಲ್ಲ. ಆ ಪೆಟ್ಟಿಗೆಗಳ ಒಳಭಾಗ ಕ್ಲಿಕ್ಕಿಗೆ ಓಗೊಡುವುದಿಲ್ಲ, ಹಿಡಿಯಬೇಕಾದರೆ ಅಂಚನ್ನೇ ಕ್ಲಿಕ್ ಮಾಡಬೇಕು. ಹೊಸಬರು ಇದನ್ನು ದೋಷ ಅಂದುಕೊಳ್ಳುತ್ತಾರೆ. ಅದು ವರ: ವಿಪಿಸಿಯ ಒಳಗಿಂದಲೇ ಎಳೆದು ನಾಲ್ಕೈದು ಐಕಾನ್‌ಗಳನ್ನು ಒಟ್ಟಿಗೆ ಬಾಚಿಕೊಳ್ಳಬಹುದು.

ಗೆರೆಯ ತುದಿಯನ್ನು ಐಕಾನಿನ ಮೇಲೆ ತಂದಾಗ ಸುತ್ತಲೂ ನೀಲಿ ಅಂಚು ಬಂದರೆ ಅದು ತೇಲುವ ಕೊಂಡಿ. ಐಕಾನ್ ಸರಿದಂತೆ ಗೆರೆ ಬೇರೆ ಬದಿಗೆ ಹೊರಳುತ್ತದೆ. ಅಂಚಿನ ಬಿಂದುವಿನ ಮೇಲೆ ಹಸಿರು ಕಂಡಾಗ ಬಿಟ್ಟರೆ ಅಲ್ಲೇ ಅಂಟಿಕೊಳ್ಳುತ್ತದೆ. ಜಾಗ ಇನ್ನೂ ಗೊತ್ತಾಗದಿರುವಾಗ ತೇಲುವುದು, ಕೊನೆಯ ಸುತ್ತಿನಲ್ಲಿ ಅಂಟುವುದು. ನಡುವೆ ಅಡ್ಡ ಬಂದ ಮೂರನೆಯ ಐಕಾನನ್ನು ಗೆರೆ ತಪ್ಪಿಸಿಕೊಂಡು ಹೋಗುವುದಿಲ್ಲ, ಅದರ ಲೆಕ್ಕವೆಲ್ಲ ಎರಡು ತುದಿಗಳದ್ದೇ. ಹಾಗಾಗಿ ಸಬ್‌ನೆಟ್‌ಗಳ ನಡುವೆ ಕನಿಷ್ಠ 40 ಪಾಯಿಂಟ್ ಓಣಿ ಬಿಡಿ. ಎಳೆದಾಡಿ ಗೆರೆ ಸಿಕ್ಕಾದರೆ ರೈಟ್ ಕ್ಲಿಕ್ ಮಾಡಿ ಕ್ಲಿಯರ್ ವೇಪಾಯಿಂಟ್ಸ್ ಕೊಟ್ಟು ಹೊಸದಾಗಿ ಶುರುಮಾಡುವುದೇ ಲೇಸು. ಎಲ್ಲವನ್ನೂ ತಾನೇ ಮರುಜೋಡಿಸುವ ಲೇಔಟ್ ಮೆನುವಿನ ಹಾರಿಜಾಂಟಲ್ ಫ್ಲೋವನ್ನು ಕೈಯಿಂದ ಜೋಡಿಸಿ ಮುಗಿಸಿದ ಚಿತ್ರದ ಮೇಲೆ ಮಾತ್ರ ಪ್ರಯೋಗಿಸಬೇಡಿ.

ಎಕ್ಸ್‌ಕ್ಯಾಲಿಡ್ರಾ ಇಲ್ಲೇ ಸೋಲುವುದು. ಫ್ರೇಮಿನೊಳಗೆ (ಇದರ ಹೊದಿಕೆ ಪೆಟ್ಟಿಗೆ) ಫ್ರೇಮ್ ಇಡಲು ಬರುವುದಿಲ್ಲ, ನಾಲ್ಕು ಹಂತವಂತೂ ದೂರದ ಮಾತು. ಒಳಹಂತಗಳಿಗೆ ಕಂಟ್ರೋಲ್+ಜಿ ಗುಂಪುಗಳೇ ಗತಿ, ಒಳಗಿನ ಒಂದನ್ನು ಮುಟ್ಟಲು ಡಬಲ್ ಕ್ಲಿಕ್ ಮಾಡುತ್ತಾ ಇಳಿಯಬೇಕು. ಇನ್ನೊಂದು ತೊಡಕು: ಲೈಬ್ರರಿಯಿಂದ ತಂದ ಐಕಾನ್‌ಗಳಲ್ಲಿ ಅನೇಕವು ಬಿಡಿ ಗೆರೆಗಳ ಗುಂಪು. ಬಾಣ ಆಯತ, ವೃತ್ತ, ಪಠ್ಯ, ಇಮೇಜ್ ಇಂಥವಕ್ಕೆ ಅಂಟುತ್ತದೆಯೇ ಹೊರತು ಬಿಡಿ ಗೆರೆಗೆ ಅಂಟುವುದಿಲ್ಲ. ಪ್ರತಿ ಐಕಾನ್ ಸುತ್ತ 100×100ರ ಒಂದು ಆಯತ ಹಾಕಿ, ಎರಡನ್ನೂ ಗುಂಪು ಮಾಡಿ, ಬಾಣವನ್ನು ಆಯತಕ್ಕೆ ಕಟ್ಟಿ. ಸಬ್‌ನೆಟ್ ತೋರಿಸಬೇಕಿಲ್ಲದ, ಮೀಟಿಂಗಿನಲ್ಲಿ ಮಾತಾಡುತ್ತಲೇ ಬಿಡಿಸುವ ಹತ್ತು ಪೆಟ್ಟಿಗೆಯ ಚಿತ್ರಕ್ಕೆ ಎಕ್ಸ್‌ಕ್ಯಾಲಿಡ್ರಾವೇ ಸರಿ.

ಕಂಪೋಸರ್‌ನ ಜಾತಿಯೇ ಬೇರೆ. 2024ರವರೆಗೆ ಇದರ ಹೆಸರು ಅಪ್ಲಿಕೇಶನ್ ಕಂಪೋಸರ್. ಅರೇಂಜ್ ಬಟನ್ ಒತ್ತಿದರೆ ಕಾರ್ಡ್‌ಗಳು ಸಾಲಾಗಿ ನಿಲ್ಲುತ್ತವೆ, ನಿಮ್ಮ ಮನಸ್ಸಿನಲ್ಲಿದ್ದ ಸಾಲೇ ಆಗಬೇಕೆಂದಿಲ್ಲ. ಗುಂಪು ಮಾಡಿದರೆ ಅದರ ಹೆಸರು, ಸದಸ್ಯರ ಪಟ್ಟಿ ಟೆಂಪ್ಲೇಟಿನ ಮೆಟಾಡೇಟಾದಲ್ಲಿ ಉಳಿಯುತ್ತವೆ. ಆದ್ದರಿಂದ ಇಲ್ಲಿ ಜೋಡಣೆ ಎಂದರೆ ಗುಂಪು ಮಾಡುವುದು. ಎಳೆದಾಟಕ್ಕೆ ಸಮಯ ಕೊಡಬೇಡಿ. ಹಿಂದಿನ ಕ್ಲೌಡ್‌ಫಾರ್ಮೇಶನ್ ಡಿಸೈನರ್ ಜಾಗವನ್ನೂ ಟೆಂಪ್ಲೇಟಿಗೇ ಬರೆಯುತ್ತಿತ್ತು. ಒಂದು ಪೆಟ್ಟಿಗೆ ಅಲುಗಿಸಿದರೂ ಗಿಟ್ ಡಿಫ್‌ನಲ್ಲಿ (ಫೈಲಿನಲ್ಲಿ ಬದಲಾದದ್ದರ ಪಟ್ಟಿ) ಅಂಕಿಗಳ ಜಾತ್ರೆ. ಆ ಕಾಟ ಈಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಕಂಪೋಸರ್‌ನ ಗೆರೆ ಬರೀ ಗೆರೆಯಲ್ಲ. ಲ್ಯಾಂಬ್ಡಾದಿಂದ ಎಸ್3 ಬಕೆಟ್‌ಗೆ ಎಳೆದರೆ ಬಕೆಟ್ ಮುಟ್ಟಲು ಬೇಕಾದ ಐಎಎಂ ಅನುಮತಿ, ಕೋಡಿಗೆ ಬಕೆಟ್ ಯಾವುದೆಂದು ತಿಳಿಸುವ ಎನ್ವಿರಾನ್ಮೆಂಟ್ ವೇರಿಯಬಲ್ ಟೆಂಪ್ಲೇಟಿಗೆ ಸೇರುತ್ತವೆ. ಚಿತ್ರ ಗಿಜಿಗಿಜಿ ಎನ್ನುತ್ತಿದೆಯೆಂದು ಗೆರೆ ಅಳಿಸಿದರೆ ಅವೂ ಹೋಗುತ್ತವೆ, ಮುಂದಿನ ಡಿಪ್ಲಾಯ್ ಆದ ಮೇಲೆ ಲಾಗ್‌ನಲ್ಲಿ ಆಕ್ಸೆಸ್ ಡಿನೈಡ್. ನೋಟ ಸ್ವಚ್ಛ ಬೇಕಿದ್ದರೆ ಟೆಂಪ್ಲೇಟಿನ ಒಂದು ನಕಲನ್ನು ತೆರೆದು ಅದರಲ್ಲಿ ಅಳಿಸಿ ಚಿತ್ರ ತೆಗೆದುಕೊಳ್ಳಿ. ಫೋಲ್ಡರಿನ ಫೈಲಿಗೆ ನೇರ ಉಳಿಸುವ ಲೋಕಲ್ ಸಿಂಕ್‌ಗೆ ಕ್ರೋಮ್ ಅಥವಾ ಎಡ್ಜ್ ಬೇಕು, ಫೈರ್‌ಫಾಕ್ಸ್‌ನಲ್ಲಿ ಆಗುವುದಿಲ್ಲ.

ಸರ್ವರ್‌ಲೆಸ್ ಭಾಗ (ಲ್ಯಾಂಬ್ಡಾ, ಎಸ್3, ಎಸ್‌ಕ್ಯೂಎಸ್) ಕಂಪೋಸರ್‌ನಲ್ಲಿ, ನೆಟ್‌ವರ್ಕ್ ಚಿತ್ರ ಡ್ರಾ.ಐಒದಲ್ಲಿ ಇಟ್ಟುಕೊಳ್ಳುವುದು ನಮಗೆ ಸರಿಕಂಡ ಹಂಚಿಕೆ. ಡ್ರಾ.ಐಒ ಫೈಲನ್ನು ಎಡಿಟ್ ಮಾಡಬಹುದಾದ ಎಸ್‌ವಿಜಿಯಾಗಿ ಉಳಿಸಿ ಕೋಡ್ ಜೊತೆಯಲ್ಲೇ ಇಡಿ: ಬ್ರೌಸರ್‌ನಲ್ಲಿ ಚಿತ್ರವಾಗಿ ಕಾಣುತ್ತದೆ, ಡ್ರಾ.ಐಒದಲ್ಲಿ ತೆರೆದರೆ ಪೆಟ್ಟಿಗೆಗಳೆಲ್ಲ ಬಿಟ್ಟಲ್ಲೇ ಇರುತ್ತವೆ.