ಸ್ಪೆಲಿಂಗ್ ಕ್ಲಾಸಿಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ದಾವಣಗೆರೆಯಲ್ಲಿ ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ‘ಮೂರು ತಿಂಗಳಲ್ಲಿ ಸಾವಿರ ಇಂಗ್ಲಿಷ್ ಪದ’ ಅನ್ನೋ ಪಾಂಪ್ಲೆಟ್ ಪೇಪರಿನೊಳಗೆ ಬಂದು ಬೀಳುತ್ತದೆ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಯವರು ನೋಡಿಯೇ ಇರುತ್ತೀರಿ. ಅಂಥದ್ದೊಂದು ಕ್ಲಾಸಿಗೆ ಎರಡನೇ ತರಗತಿಯ ಮಗಳನ್ನು ಸೇರಿಸಿದ್ದೆವು. ಹೆಸರು ಬರೆಯುವುದಿಲ್ಲ. ಒಂದು ಹೆಸರು ಬಿಟ್ಟರೆ ಇನ್ನೊಂದರಲ್ಲಿ ಶುರು ಮಾಡುತ್ತಾರೆ, ನಡೆಸುವ ರೀತಿ ಮಾತ್ರ ಒಂದೇ.

ಡೆಮೊ ದಿನ ಪುಟ್ಟ ಹುಡುಗನೊಬ್ಬ ನಿಂತು ‘ಎಲಿಫೆಂಟ್’, ‘ಬ್ಯೂಟಿಫುಲ್’ ಎಲ್ಲದರ ಸ್ಪೆಲಿಂಗ್ ಪಟಪಟ ಹೇಳಿದ. ಜೋರು ಚಪ್ಪಾಳೆ. ಆದರೆ ಪದ ಕೇಳಿದ್ದು ಟೀಚರ್, ಅದೂ ಅವರದೇ ಪಟ್ಟಿಯಿಂದ. ಪೋಷಕರೊಬ್ಬರು ತಾವೂ ಒಂದು ಕೇಳುತ್ತೇವೆ ಅಂದರೆ, ಟೈಮ್ ಇಲ್ಲ ಅಂದುಬಿಟ್ಟರು.

ನಮ್ಮ ಮಗಳೂ ಹಾಗೇ ಕಲಿತಳು. ಇ-ಎಲ್-ಇ-ಪಿ-ಎಚ್-ಎ-ಎನ್-ಟಿ, ಮಗ್ಗಿ ಹೇಳಿದ ಹಾಗೆ ರಾಗವಾಗಿ. ಒಂದು ದಿನ ಪಿ-ಎಚ್-ಓ-ಎನ್-ಇ ಬರೆದು ಓದು ಅಂದೆ. ‘ಪಹೋನೆ’ ಅಂದಳು. ಪಿ, ಎಚ್ ಜೊತೆಗೆ ಬಂದರೆ ಏನು ಸದ್ದು ಅಂತ ಯಾರೂ ಹೇಳಿಕೊಟ್ಟಿರಲೇ ಇಲ್ಲ! ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಬಂದರೆ ಗೊತ್ತಿಲ್ಲದ ಪದವನ್ನೂ ಮಕ್ಕಳು ಓದುತ್ತಾರೆ. ಇಂಗ್ಲಿಷಿನಲ್ಲಿ ಇರೋದು 26 ಅಕ್ಷರ, ಸದ್ದುಗಳು 40ಕ್ಕೂ ಜಾಸ್ತಿ. ಯಾವ ಅಕ್ಷರಗಳು ಸೇರಿದರೆ ಯಾವ ಸದ್ದು ಅಂತ ಗುಂಪು ಗುಂಪಾಗಿ ಕಲಿಸಬೇಕು. ಅದು ನಿಧಾನದ ಕೆಲಸ. ಪಾಂಪ್ಲೆಟ್‌ನಲ್ಲಿ ಹಾಕಿದರೆ ಯಾರೂ ಬರಲ್ಲ ಅನ್ನಿ.

ಅರ್ಥದ ಕಥೆಯೂ ಅಷ್ಟೇ. ‘ಬ್ಯೂಟಿಫುಲ್’ ಅಂತ ಯಾವುದಕ್ಕೆ ಹೇಳುತ್ತಾರೆ ಅಂದರೆ ಸುಮ್ನೆ ಮುಖ ನೋಡುತ್ತಿದ್ದಳು.

ಕ್ಲಾಸಿನವರು ಕೊಟ್ಟ ಕಿಟ್‌ನಲ್ಲಿ ಕನ್ನಡ ಕಾರ್ಡುಗಳೂ ಇದ್ದವು. ‘ಹಣ್ಣು’ ಪದಕ್ಕೆ ಒತ್ತಿಲ್ಲ. ‘ಶಾಲೆ’ಗೆ ಷ ಹಾಕಿದ್ದಾರೆ. ತೋರಿಸಿದರೆ, “ಪ್ರಿಂಟಿಂಗ್ ಮಿಸ್ಟೇಕ್ ಮೇಡಂ, ಮಕ್ಕಳಿಗೆ ಗೊತ್ತಾಗಲ್ಲ ಬಿಡಿ” ಅಂದರು. ಗೊತ್ತಿಲ್ಲದವರಿಗೇ ಅಲ್ವಾ ಕಾರ್ಡ್ ಕೊಡೋದು?

ಫೀಸು ಪೂರ್ತಿ ಮೊದಲೇ ಕಟ್ಟಿಸಿಕೊಂಡಿದ್ದರು, ಯಾರದೋ ಸ್ವಂತ ನಂಬರಿಗೆ ಫೋನ್‌ಪೇ. ರಸೀದಿ ಕೇಳಿದಾಗೆಲ್ಲ ನಾಳೆ. ವಾಪಸ್ ಕೇಳಿದರೆ ‘ಕಿಟ್ ಓಪನ್ ಮಾಡಿದೀರಲ್ಲ’. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಹಣ ಕಳಿಸಿದ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು.

ನೀವು ಡೆಮೊಗೆ ಹೋದರೆ ಅಲ್ಲಿನ ಮಗುವಿಗೆ ಪಟ್ಟಿಯಲ್ಲಿಲ್ಲದ ಸುಲಭದ ಪದ ಕೊಟ್ಟು ಓದಿಸಿ. ಒಂದೆರಡು ವಾಕ್ಯ ಉಕ್ತಲೇಖನ ಬರೆಸಿ. ಒಪ್ಪದಿದ್ದರೆ ಎದ್ದು ಬನ್ನಿ. ಓದೋಕೆ ಪುಸ್ತಕ ಬೇಕಿದ್ದರೆ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಟ್ಟಕ್ಕೆ ತಕ್ಕ ಕಥೆಗಳು ಉಚಿತವಾಗಿ ಸಿಗುತ್ತವೆ. ಕಾರ್ಡುಗಳ ಫೋಟೊ ತೆಗೆದಿಟ್ಟಿದ್ದೇನೆ. ನಿಮ್ಮ ಮನೆಗೆ ಬಂದಿರುವ ಕಿಟ್ ಜೊತೆ ಹೋಲಿಸಿ ನೋಡಬೇಕಿದ್ದರೆ ಕೇಳಿ.