ಒಂದೇ ವಿಮಾನಕ್ಕೆ ಮೂರು ಜೋಡಿ ಫ್ಲೋಟ್: ಯಾವ ಅಳತೆ ಸರಿ?

ರೇಡಿಯೊ ಕಂಟ್ರೋಲ್ ವಿಮಾನಕ್ಕೆ ಫ್ಲೋಟ್ (ನೀರಿನ ಮೇಲೆ ಇಳಿದು ಏಳಲು ಚಕ್ರದ ಬದಲು ಹಾಕುವ ದೋಣಿಯಂಥ ಜೋಡಿ) ಕಟ್ಟುವವರು ಮೊದಲು ಕೇಳುವುದು "ಎಷ್ಟು ಭಾರ ತೇಲಿಸುತ್ತೆ?" ಅಂತ. ಮೊದಲು ಕೇಳಬೇಕಾದ್ದು ಉದ್ದ ಎಷ್ಟು ಎಂದು.

ಹೋಲಿಕೆಗೆ ತೆಗೆದುಕೊಂಡದ್ದು ಮೇಲ್ರೆಕ್ಕೆಯ ಮಾಮೂಲಿ ಟ್ರೇನರ್, ಅಂದರೆ ಕಲಿಯುವವರ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 1600 ಮಿ.ಮೀ., ಪ್ರೊಪೆಲ್ಲರ್‌ನಿಂದ ರಡ್ಡರ್ ತುದಿವರೆಗೆ 1300 ಮಿ.ಮೀ., ರೆಕ್ಕೆಯ ವಿಸ್ತೀರ್ಣ 43 ಚದರ ಡೆಸಿಮೀಟರ್, ಚಕ್ರ ಬಿಚ್ಚಿದರೆ ತೂಕ 2.5 ಕೆ.ಜಿ. ಫ್ಲೋಟ್ ಹಿಡಿಸುವ ಅಲ್ಯೂಮಿನಿಯಂ ಪಟ್ಟಿ, ತಂತಿ, ಸ್ಕ್ರೂ ಸೇರಿ 200 ಗ್ರಾಂ. ಫ್ಲೋಟ್‌ಗಳೆಲ್ಲ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್) ಫೋಮಿನವು, ಲೀಟರಿಗೆ ಸುಮಾರು 32 ಗ್ರಾಂ. ಮೂತಿ ಮತ್ತು ಹಿಂಭಾಗ ಚೂಪಾಗುವುದರಿಂದ ಉದ್ದ, ಅಗಲ, ಎತ್ತರ ಗುಣಿಸಿ ಬಂದದ್ದರ 70 ಶೇಕಡಾ ಮಾತ್ರ ನಿಜವಾದ ಗಾತ್ರ ಎಂದು ಹಿಡಿದಿದೆ.

ಚಿಕ್ಕದು: 800 × 75 × 75 ಮಿ.ಮೀ. ಜೋಡಿ 6.3 ಲೀಟರ್, ಒಟ್ಟು ತೂಕ 2.9 ಕೆ.ಜಿ.
ಮಧ್ಯಮ: 1020 × 90 × 85. ಜೋಡಿ 10.9 ಲೀಟರ್, ಒಟ್ಟು 3.05 ಕೆ.ಜಿ.
ದೊಡ್ಡದು: 1170 × 110 × 110. ಜೋಡಿ 19.8 ಲೀಟರ್, ಒಟ್ಟು 3.33 ಕೆ.ಜಿ.

ಮನುಷ್ಯರು ಕೂರುವ ವಿಮಾನಗಳಿಗೆ ಅಮೆರಿಕದಲ್ಲಿ ಬಹುಕಾಲ ಇದ್ದ ನಿಯಮದ ಪ್ರಕಾರ, ಎರಡೂ ಫ್ಲೋಟ್ ಸೇರಿ ವಿಮಾನದ ಗರಿಷ್ಠ ತೂಕದ 180 ಶೇಕಡಾದಷ್ಟನ್ನು ಸಿಹಿನೀರಿನಲ್ಲಿ ತೇಲಿಸಬೇಕಿತ್ತು. ಅಂಥ ವಿಮಾನಗಳ ಎಡೋ 2000 ಎಂಬ ಫ್ಲೋಟಿನ ಹೆಸರಿನಲ್ಲಿರುವ ಸಂಖ್ಯೆ ಒಂದು ಫ್ಲೋಟ್ ತೇಲಿಸುವ ಪೌಂಡುಗಳದ್ದು. ಎರಡಕ್ಕೆ 4000, ಅದನ್ನು 1.8ರಿಂದ ಭಾಗಿಸಿದರೆ 2222. ಅದೇ ಫ್ಲೋಟ್ ಮೇಲಿನ ಸೆಸ್ನಾ 172 ವಿಮಾನದ ಗರಿಷ್ಠ ತೂಕ 2220 ಪೌಂಡ್. ಲೆಕ್ಕ ಅಷ್ಟು ನೇರ.

ಈ ಲೆಕ್ಕದಲ್ಲಿ ನಮ್ಮ ಚಿಕ್ಕ ಜೋಡಿಯೂ ಪಾಸು: 217 ಶೇಕಡಾ. ಆದರೆ ನೀರಿಗಿಳಿಸಿದರೆ ಫೇಲು. ಪ್ರೊಪೆಲ್ಲರ್ ಎಳೆಯುವುದು ನೀರಿನ ಮಟ್ಟಕ್ಕಿಂತ ಎಷ್ಟೋ ಮೇಲೆ, ನೀರಿನ ತಡೆ ಬೀಳುವುದು ಕೆಳಗೆ. ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಮೂಗು ಬಗ್ಗಿಸುತ್ತದೆ. ಅದನ್ನು ಎತ್ತಿಹಿಡಿಯಬೇಕಾದ್ದು ಗುರುತ್ವ ಕೇಂದ್ರದ ಮುಂದೆ ಚಾಚಿರುವ ಫ್ಲೋಟ್. 800 ಮಿ.ಮೀ. ಅಂದರೆ ವಿಮಾನದ ಉದ್ದದ ಬರೀ 62 ಶೇಕಡಾ. ಮೂತಿ ಪ್ರೊಪೆಲ್ಲರ್‌ವರೆಗೂ ಬರುವುದಿಲ್ಲ. ಹಾಗಾಗಿ ಮೂತಿ ಮುಳುಗಿ, ಎದ್ದ ನೀರು ನೇರ ಪ್ರೊಪೆಲ್ಲರ್‌ಗೆ ಹೊಡೆದು, ವೇಗ ಅಲ್ಲೇ ಸಾಯುತ್ತದೆ. ಇಳಿಯುವಾಗ ಮೂಗು ಸ್ವಲ್ಪ ತಗ್ಗಿದ್ದರೂ ಪಲ್ಟಿ. ಇನ್ನೊಂದು ಕಷ್ಟ ಪಕ್ಕದ ಗಾಳಿಯದು. ಭಾರವೆಲ್ಲ ಒಂದೇ ಫ್ಲೋಟಿನ ಮೇಲೆ ವಾಲಿದರೆ ಅದರ ತೇಲಿಸುವ ಶಕ್ತಿ 3.15 ಕೆ.ಜಿ., ವಿಮಾನದ ತೂಕ 2.9. ಫ್ಲೋಟ್ ಹೆಚ್ಚುಕಡಿಮೆ ಪೂರ್ತಿ ಮುಳುಗಿ ರೆಕ್ಕೆಯ ತುದಿ ನೀರು ಮುಟ್ಟುತ್ತದೆ. ಕನ್ನಡಿಯಂಥ ನೀರಿದ್ದರೆ ಹಾರಿಸಬಹುದು ಅನ್ನುವವರಿದ್ದಾರೆ. ಆ ಕನ್ನಡಿ ಹಾರಾಟ ಮುಗಿಯುವವರೆಗೂ ಹಾಗೇ ಇರಬೇಕಲ್ಲ!

ದೊಡ್ಡ ಜೋಡಿ ಇದಕ್ಕೆ ತದ್ವಿರುದ್ಧ. ತಕ್ಕಡಿಯಲ್ಲಿಟ್ಟ ಹಾಗೆ ಅಲುಗದೆ ನಿಲ್ಲುತ್ತದೆ. ಹೊಸಬರಿಗೆ ಇಷ್ಟವಾಗುವುದೂ ಅದಕ್ಕೇ. ತೊಂದರೆ ಆರಂಭವಾಗುವುದು ಗಾಳಿಯಲ್ಲಿ. ಫೋಮ್ ಒಂದೇ 634 ಗ್ರಾಂ. ರೆಕ್ಕೆಯ ಮೇಲಿನ ಹೊರೆ ಚದರ ಡೆಸಿಮೀಟರಿಗೆ 77 ಗ್ರಾಂಗೆ ಏರುತ್ತದೆ (ಚಿಕ್ಕದರಲ್ಲಿ 67, ಮಧ್ಯಮದಲ್ಲಿ 71). ಥ್ರಾಟಲ್ ಇಳಿಸಿದರೆ ಗಾಳಿಯ ಎಳೆತಕ್ಕೆ ಮೂಗು ಕೆಳಗೆ, ಏರಿಸಿದರೆ ಮೂಗು ಮೇಲೆ. ಪ್ರತಿ ಸಲ ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಪಟ್ಟಿ) ಸರಿಹೊಂದಿಸುತ್ತಿರಬೇಕು. ಗುರುತ್ವ ಕೇಂದ್ರದ ಮುಂದೆ ಪಕ್ಕದ ಮೈ ಹೆಚ್ಚಿರುವುದರಿಂದ ತಿರುವಿನಲ್ಲಿ ಬಾಲ ಜಾರುತ್ತದೆ. ಬಾಲದ ಕೆಳಗೆ ಹೆಚ್ಚುವರಿ ಫಿನ್ ಅಂಟಿಸಿದರೆ ಹತೋಟಿಗೆ ಬರುತ್ತದೆ, ಆದರೆ ತೂಕ ಮತ್ತೂ ಹಿಂದಕ್ಕೆ ಸರಿಯುತ್ತದೆ. ಅಗಲ ತಳ ಸಣ್ಣ ಅಲೆಗೂ ಪಟಪಟ ಬಡಿಯುತ್ತದೆ.

ಉಳಿದದ್ದು ಮಧ್ಯಮ. 1020 ಮಿ.ಮೀ. ಎಂದರೆ 78 ಶೇಕಡಾ. ಹಳೆಯ ಕೈಗಳು ಹೇಳುವ 75ರಿಂದ 80ರ ಒಳಗೇ ಇದೆ. ತೇಲುವ ಶಕ್ತಿ ತೂಕದ ಮೂರೂವರೆ ಪಟ್ಟು; ಅದು ದುಂದುವೆಚ್ಚವಲ್ಲ, ವಿಮಾನವನ್ನು ಚಿಕ್ಕದು ಮಾಡಿದಂತೆ ಕೆರೆಯ ಅಲೆಯನ್ನು ಚಿಕ್ಕದು ಮಾಡಲಾಗುವುದಿಲ್ಲ.

ಅಳತೆ ಸರಿಯಿದ್ದರೂ ಜೋಡಣೆ ಕೆಟ್ಟರೆ ಇದೂ ಏಳುವುದಿಲ್ಲ. ತಳದಲ್ಲಿ ಮೆಟ್ಟಿಲಿನಂತೆ ಕತ್ತರಿಸಿದ ಸ್ಟೆಪ್, ಗುರುತ್ವ ಕೇಂದ್ರದ ಕೆಳಗೆ ಅಥವಾ 10–15 ಮಿ.ಮೀ. ಹಿಂದೆ ಬರಲಿ. ಬಹಳ ಹಿಂದೆ ಹೋದರೆ ಎಲಿವೇಟರ್ ಎಷ್ಟೆಳೆದರೂ ಮೂಗು ಏಳದು. ಮುಂದೆ ಬಂದರೆ ವಿಮಾನ ಬಾಲದ ಮೇಲೆ ಕೂತು ಕುಪ್ಪಳಿಸುತ್ತದೆ. ಸ್ಟೆಪ್ಪಿನ ಎತ್ತರ 10–12 ಮಿ.ಮೀ., ಅಂಚು ಚಾಕುವಿನಂತೆ ಚೂಪಾಗಿರಲಿ. ಟೇಪು ಸುತ್ತಿ ಅಂಚನ್ನು ದುಂಡಗೆ ಮಾಡಿದರೆ ನೀರು ಅಲ್ಲಿ ಬಿಡದೆ ತಳಕ್ಕೆ ಅಂಟಿ ಹಿಂದಕ್ಕೆಳೆಯುತ್ತದೆ. "ಮೋಟರ್ ಸಾಲದು" ಎಂಬ ದೂರುಗಳಲ್ಲಿ ಎಷ್ಟೋ ಈ ಅಂಚಿನವೇ. ಸ್ಟೆಪ್ಪಿನ ಹಿಂದಿನ ತಳ 6–8 ಡಿಗ್ರಿ ಮೇಲಕ್ಕೇರಬೇಕು. ರೆಕ್ಕೆ ಫ್ಲೋಟಿನ ಮೇಲ್ಮೈಗಿಂತ 2–3 ಡಿಗ್ರಿ ಮೂಗೆತ್ತಿರಲಿ. ಮೂತಿ ಪ್ರೊಪೆಲ್ಲರ್‌ಗಿಂತ 50 ಮಿ.ಮೀ. ಮುಂದೆ, ಪ್ರೊಪೆಲ್ಲರ್ ತುದಿಗೂ ಫ್ಲೋಟಿಗೂ ನಡುವೆ ಕನಿಷ್ಠ 30. ಎರಡು ಫ್ಲೋಟ್‌ಗಳ ಮಧ್ಯರೇಖೆಗಳ ಅಂತರ 320ರಿಂದ 400. ವಿಮಾನದ ತೂಕದ ಪ್ರತಿ ಕೆ.ಜಿ.ಗೆ ಮೋಟರ್ 200–220 ವ್ಯಾಟ್ ಇದ್ದರೆ ಧಾರಾಳ.

ನೀರಿನ ರಡ್ಡರ್ ಒಂದೇ ಫ್ಲೋಟಿಗೆ ಸಾಕು. ಜೊಂಡು, ಅಂತರಗಂಗೆ ಇರುವ ಕೆರೆಯಲ್ಲಿ ಅದು ತೀರಾ ಕೆಳಗಿಳಿಯದಿದ್ದರೆ ಒಳ್ಳೆಯದು. ಒಂದು ಎಳೆ ಸಿಕ್ಕರೂ ವಿಮಾನ ಗಿರಗಿರ ಸುತ್ತುತ್ತದೆ.

ಹಾರಿಸುವ ಮುನ್ನ ಬ್ಯಾಟರಿ ಸಮೇತ ನಿಂತ ನೀರಿನಲ್ಲಿಟ್ಟು ನೋಡಿ: ಫ್ಲೋಟಿನ ಹಿಂತುದಿಯ ಮೇಲ್ಮೈ ನೀರಿನಿಂದ ಹೊರಗಿರಬೇಕು. ಆಮೇಲೆ ಹಿಂದಿನ ಕಾಲುಪಟ್ಟಿಗೆ ದಾರ ಕಟ್ಟಿ ಹಿಡಿದು ಮೆಲ್ಲನೆ ಥ್ರಾಟಲ್ ಏರಿಸಿ. ಪೂರ್ತಿ ಕೊಟ್ಟಾಗಲೂ ಮೂತಿ ನೀರಿನ ಮೇಲಿದ್ದರೆ ದಾರ ಬಿಚ್ಚಬಹುದು. ದಿನದ ಹಾರಾಟ ಮುಗಿದ ಮೇಲೆ ಮೈ ಒರೆಸಿ ಫ್ಲೋಟ್‌ಗಳನ್ನು ಮತ್ತೆ ತೂಗಿ. 50 ಗ್ರಾಂ ಏರಿದ್ದರೆ ಮೊದಲು ಅನುಮಾನಿಸಬೇಕಾದ್ದು ಪಟ್ಟಿ ಕೂರಿಸಿದ ಸ್ಕ್ರೂ ತೂತುಗಳನ್ನು. ಒಣಗಿಸಿ, ಎಪಾಕ್ಸಿ ತುಂಬಿ, ಮತ್ತೆ ಕೊರೆಯಿರಿ.